ಖಾಲಿ ಓಡಿಸಿದ ವಾರ

"ಎಣಿಸಿಕೊಳ್ಳಿ, ಸಾರ್."

ಅರ್ಸೆಲಿಯ ದನಿ ಏರಲಿಲ್ಲ. ಇಲೋಯ್ಲೊ ನಗರದವರು ಬೈದರೂ ಮಗುವನ್ನು ರಮಿಸಿದಂತೆ ಕೇಳುತ್ತದೆ ಎಂದು ಬೇರೆ ದ್ವೀಪದವರು ತಮಾಷೆ ಮಾಡುತ್ತಾರೆ. ಆದರೆ ಅಂದು ಮಧ್ಯಾಹ್ನ ಆ ಮನೆಯಲ್ಲಿದ್ದ ಯಾರಿಗೂ ಅವಳ ಮೆತ್ತನೆಯ ಮಾತು ರಮಿಸಿದಂತೆ ಕೇಳಲಿಲ್ಲ.

ಹಜಾರದ ನಡುವೆ ಅವಳ ಅಪ್ಪ ವಿಸೆಂಟೆಯ ಶವಪೆಟ್ಟಿಗೆ. ತಲೆಯ ಬಳಿ ಮೇಣದ ಬತ್ತಿಗಳು. ಹೊರಗೆ ತಾಡಪಾಲಿನ ಕೆಳಗೆ ಇಸ್ಪೀಟಾಡುತ್ತ ಹೆಣ ಕಾಯುತ್ತಿದ್ದ, ಜೀಪ್ನಿ ಎಂಬ ಉದ್ದನೆಯ ಬಾಡಿಗೆ ಜೀಪುಗಳ ಚಾಲಕರ ಕೈಗಳು ಅಲ್ಲಲ್ಲೇ ನಿಂತವು.

ಬಾಗಿಲಲ್ಲಿ ನಿಂತಿದ್ದವನು ಎಲ್ಮಾರ್, ನಗರದ ಸಾರಿಗೆ ಯೋಜನೆ ಮಾಡಿದವನು. ಹೊಗೆಯಿಲ್ಲದ ವಿದ್ಯುತ್ ಗಾಡಿಗಳು, ಹೊಸ ನಿಲ್ದಾಣಗಳು, ಹೊಸ ದಾರಿಗಳು... ಎಲ್ಲ ಇವನ ತಲೆಯಿಂದ ಬಂದದ್ದು. ಕಡಲಂಚಿನ ಬುಲುವಾಂಗ್‌ನಿಂದ ಪೇಟೆಯ ನಡುಚೌಕವಾದ ಪ್ಲಾಸಾಕ್ಕೆ ಹೋಗುತ್ತಿದ್ದ ಜೀಪ್ನಿ ದಾರಿಯಲ್ಲಿ ಜನವೇ ಇಲ್ಲ ಎಂದು ನಕ್ಷೆಯಿಂದ ಅಳಿಸಿದ್ದೂ ಇವನೇ.

"ನಮ್ಮ ದಾರೀಲಿ ಜನ ಇಲ್ಲ ಅಂದ್ರಲ್ಲ. ಇವರೆಲ್ಲ ಅದೇ ದಾರಿಯೋರು. ಸರಿಯಾಗಿ ಎಣಿಸಿಕೊಳ್ಳಿ. ನಮ್ಮಪ್ಪನ್ನ ಒಬ್ಬರನ್ನ ಬಿಟ್ಟು ಎಣಿಸಿ," ಎಂದಳು ಅರ್ಸೆಲಿ.

ಎಲ್ಮಾರ್ ಏನೋ ಹೇಳಲು ಬಾಯಿ ತೆರೆದ. ಪೆಟ್ಟಿಗೆಯ ಕಡೆ ನೋಡಿದ. ಬಾಯಿ ಮುಚ್ಚಿಕೊಂಡ. ಪೆಟ್ಟಿಗೆಯ ಬಳಿ ಹೋಗಿ ಶಿಲುಬೆಯ ಗುರುತು ಹಾಕಿಕೊಂಡು, ತಲೆ ತಗ್ಗಿಸಿ ಹೊರಗೆ ನಡೆದ.

ಅಂಗಳದಲ್ಲಿದ್ದ ಹಿರಿಯ ಚಾಲಕ ಪೊನ್ಸೊ ಶತ್ರುವಾದರೂ ಸರಿಯೆಂದು ಎಚ್ಚರಿಸಿದ. "ಏ ಹುಡುಗ, ಸೀದಾ ಮನೆಗೆ ಹೋಗ್ಬೇಡ. ದಾರೀಲಿ ಎಲ್ಲಾದ್ರೂ ಕೂತು ಒಂದು ಕಾಫಿ ಕುಡಿ. ಸತ್ತೋರು ಹಿಂದೆ ಬರ್ತಾರೆ."

ಅಲ್ಲಿಯ ಜನ ಯಾವ ಸಾವಿನ ಮನೆಯಿಂದಲೂ ನೇರ ತಮ್ಮ ಮನೆಗೆ ಹೋಗುವವರಲ್ಲ. ಎಲ್ಲೋ ಒಂದು ಕಡೆ ಕುಳಿತು, ಸಾವನ್ನು ಕೊಡವಿಕೊಂಡೇ ಮನೆ ಸೇರುತ್ತಾರೆ. ಆದರೆ ಎಲ್ಮಾರ್ ಎಲ್ಲಿಯೂ ನಿಲ್ಲದೆ ಬೈಕಿನಲ್ಲಿ ಸೀದಾ ಮನೆಗೆ ಹೋದನಂತೆ. ಸುದ್ದಿ ಮರುದಿನವೇ ಅರ್ಸೆಲಿಯ ಕಿವಿಗೆ ಬಿತ್ತು.

'ನಮ್ಮಪ್ಪನ ಸಾವು ಅವನಿಗೆ ಕೊಡವಿಕೊಳ್ಳುವಷ್ಟೂ ದೊಡ್ಡದಲ್ಲ...'

ಆ ಸಿಟ್ಟು ಬಹಳ ದಿನ ಆರಲಿಲ್ಲ.

ಅವಳ ಸಿಟ್ಟಿಗೆ ಕಾರಣವಿತ್ತು. ದಾರಿ ರದ್ದಾದ ಮೇಲೆ ವಿಸೆಂಟೆಯ ಜೀಪ್ನಿ ಗುಜರಿಗೆ ಹೋಯಿತು. ಚಾಲಕರ ಸಂಘದ ಅಧ್ಯಕ್ಷನಾಗಿ ಮೀಸೆ ತಿರುವಿಕೊಂಡು ಓಡಾಡುತ್ತಿದ್ದ ಮನುಷ್ಯ ಮೀನು ಮಾರುಕಟ್ಟೆಯಲ್ಲಿ ಮಂಜುಗಡ್ಡೆಯ ಚೀಲ ಹೊರಲು ನಿಂತ. ಒಂದು ಬೆಳಗ್ಗೆ ಚೀಲದ ಸಮೇತ ಕುಸಿದವನು ಏಳಲಿಲ್ಲ. ಬುಲುವಾಂಗ್‌ನ ಉಳಿದವರದೂ ಹೇಳಿಕೊಳ್ಳುವ ಬಾಳಲ್ಲ. ಮಕ್ಕಳು ಶಾಲೆಗೆ, ಹೆಂಗಸರು ಮೀನಿನ ಬುಟ್ಟಿ ಹೊತ್ತು ಪೇಟೆಗೆ ಹೋಗಲು ಹೆದ್ದಾರಿಯವರೆಗೆ ಕೆಸರಲ್ಲಿ ನಡೆಯಬೇಕು. ಅಲ್ಲಿಂದ ಎರಡು ಗಾಡಿ ಬದಲಿಸಬೇಕು.

ಅರ್ಸೆಲಿಯ ಕೆಲಸವೂ ಜೀಪ್ನಿಗಳ ಜೊತೆಗೇ ಹೋಗಿತ್ತು. ಮುಂದಿನ ಗಾಜಿಗೆ ಒರಗಿಸಿಡುವ ಊರಿನ ಹೆಸರಿನ ಹಲಗೆಗಳನ್ನು ಬರೆಯುತ್ತಿದ್ದವಳು ಅವಳು. ಹೊಸ ವಿದ್ಯುತ್ ಗಾಡಿಗಳ ನೆತ್ತಿಯಲ್ಲಿ ದೀಪದ ಅಕ್ಷರ ತಾನಾಗಿಯೇ ಓಡುತ್ತದೆ. ಅವಕ್ಕೆ ಕುಂಚ ಹಿಡಿದವಳು ಯಾಕೆ ಬೇಕು?

ಆದ್ದರಿಂದ ಒಂದು ದಿನ ಎಲ್ಮಾರ್ ಅವಳ ಅಂಗಡಿಯ ಮುಂದೆ ಬಂದು ನಿಂತಾಗ ಅವಳು ಕೈಗೆ ಸಿಕ್ಕ ಬಣ್ಣದ ಡಬ್ಬಿಯನ್ನು ಎಸೆಯಲಿಲ್ಲ ಎನ್ನುವುದೇ ದೊಡ್ಡ ಮಾತು.

"ಹೊಸ ನಿಲ್ದಾಣಗಳಿಗೆ ಹೆಸರಿನ ಹಲಗೆ ಬೇಕಿತ್ತು. ಅಚ್ಚಾಗಿ ಬರಬೇಕಿದ್ದದ್ದು ಬರ್ಲಿಲ್ಲ," ಎಂದ ಅವನು.

"ಊರಲ್ಲಿ ಬಣ್ಣ ಬಳಿಯೋಳು ನಾನೊಬ್ಬಳೇನಾ, ಸಾರ್?"

"ದೂರದಿಂದ ಓದಕ್ಕೆ ಬರೋ ಹಾಗೆ ಬರೆಯೋರು ನೀವೊಬ್ಬರೇ."

"ಈ ಹೊಗಳಿಕೆ ಕಚೇರೀಲಿ ಕೊಟ್ಟು ಕಳ್ಸಿದ್ದಾ, ನೀವೇ ದಾರೀಲಿ ಕಟ್ಕೊಂಡ್ರಾ?"

"ದಾರೀಲಿ."

ಅವಳಿಗೆ ನಗು ಬಂತು. ಬಂದ ನಗುವಿನ ಮೇಲೆಯೇ ಸಿಟ್ಟು ಬಂತು. ಆದರೂ ಕೆಲಸ ಒಪ್ಪಿಕೊಂಡಳು. ಮನೆಯಲ್ಲಿ ಅಮ್ಮನಿದ್ದಾಳೆ, ಒಲೆ ಉರಿಯಬೇಕಲ್ಲ.

ಅವನು ಹಲಗೆ ನೋಡುವ ನೆಪದಲ್ಲಿ ಮತ್ತೆ ಮತ್ತೆ ಬಂದ. ಬಂದಾಗ ನೆರಳಲ್ಲಿ ಕುಳಿತು ಅವಳ ಕೈ ನೋಡುತ್ತಿದ್ದ. ಮಾತು ಕಡಿಮೆ. ಒಂದು ಸಲ ಮಾತ್ರ ಕೇಳದೆಯೇ ಹೇಳಿದ.

"ನನ್ನ ತಂಗಿಗೆ ಉಬ್ಬಸ. ನಮ್ಮ ಮನೆ ಜೀಪ್ನಿ ನಿಲ್ಲೋ ಜಾಗದ ಪಕ್ಕದಲ್ಲೇ ಇತ್ತು. ಹೊಗೆ ಬಂದಾಗ ಕಿಟಕಿಗೆ ಒದ್ದೆ ಬಟ್ಟೆ ತೂಗು ಹಾಕ್ತಿದ್ವಿ. ದೊಡ್ಡವನಾದ್ಮೇಲೆ ಹೊಗೆ ಇಲ್ಲದ ಗಾಡಿ ತರಿಸ್ತೀನಿ ಅಂತ ಅವಳಿಗೆ ಹೇಳಿದ್ದೆ."

"ತರಿಸಿದ್ರಲ್ಲ. ಈಗ ಹೇಗಿದ್ದಾಳೆ?"

"ಅವಳು ಅಷ್ಟು ದಿನ ಇರ್ಲಿಲ್ಲ."

ಅರ್ಸೆಲಿಯ ಕುಂಚ ಅಕ್ಷರದ ನಡುವೆ ನಿಂತಿತು. ಮುಂದಿನ ಸಲ ಅವನು ಪ್ಲಾಸ್ಟಿಕ್ ಚೀಲದಲ್ಲಿ ಗಂಟು ಹಾಕಿದ ಬಿಸಿ ಬ್ಯಾಚೊಯ್ ಎಂಬ ಶ್ಯಾವಿಗೆ ಸಾರು ತಂದಾಗ ಎರಡು ಬಟ್ಟಲು ತೆಗೆದಿಟ್ಟಳು.

ಶ್ಯಾವಿಗೆ ಉಣ್ಣುತ್ತ ಅವಳು ಬಹಳ ದಿನದಿಂದ ಗಂಟಲಲ್ಲಿದ್ದದ್ದನ್ನು ಕೇಳಿಬಿಟ್ಟಳು.

"ಅವತ್ತು ನಮ್ಮ ಮನೆಯಿಂದ ಸೀದಾ ನಿಮ್ಮ ಮನೆಗೆ ಹೋದ್ರಂತೆ. ಭಯ ಆಗ್ಲಿಲ್ವಾ?"

"ಬರ್ಲಿ ಅಂತಾನೇ ಹೋದೆ."

"ಏನು?"

"ನಿಮ್ಮಪ್ಪ ಹಿಂದೆ ಬರ್ಲಿ ಅಂತ. ಅವರ ಹತ್ರ ಒಂದು ಮಾತು ಕೇಳೋದಿತ್ತು..." ಎಲ್ಮಾರ್ ಬಟ್ಟಲನ್ನೇ ನೋಡುತ್ತಿದ್ದ. "ಬಾಗಿಲು ತೆಗೆದಿಟ್ಟು ಕೂತಿದ್ದೆ. ಬರ್ಲಿಲ್ಲ. ಬಂದಿದ್ದು ಸೊಳ್ಳೆ."

ಅವಳು ಎದ್ದು ಕುಂಚ ತೊಳೆಯಲು ಹಿತ್ತಲಿಗೆ ಹೋದಳು. ತೊಳೆದ ಕುಂಚವನ್ನೇ ಮತ್ತೆ ತೊಳೆದಳು. 'ಇವನನ್ನು ದ್ವೇಷಿಸಲು ಆಗುತ್ತಿಲ್ಲ. ಅಪ್ಪನನ್ನು ತಿಂದವನು ತಂದ ಸಾರು ನನ್ನ ಗಂಟಲಲ್ಲಿ ಇಳಿಯುತ್ತಿದೆ. ಎಂಥ ಮಗಳು ನಾನು...'

ಪ್ರೀತಿ ಬರುವಾಗ ಕೇಳಿಕೊಂಡು ಬರುವುದಿಲ್ಲ. ಅವಳಿಗಂತೂ ಅದು ಅಪ್ಪನ ಫೋಟೋದ ಎದುರಿಗೆ ತಲೆಯೆತ್ತಲಾರದ ಹಾಗೆ ಬಂದಿತ್ತು.

ಅಷ್ಟರಲ್ಲಿ ಸುದ್ದಿ ಬಂತು. ಹೊಸ ದಾರಿಗಳ ಮೇಲೆ ತಕರಾರಿದ್ದವರ ಮಾತನ್ನು ನಗರಸಭೆ ಕೊನೆಯ ಸಲ ಕೇಳಲಿದೆ. ಅದಾದ ಮೇಲೆ ನಕ್ಷೆಗೆ ಕಾಯಂ ಮುದ್ರೆ ಬೀಳುತ್ತದೆ. ಆಮೇಲೆ ಬುಲುವಾಂಗ್‌ಗೆ ಗಾಡಿ ಬೇಕೆಂದು ಎಷ್ಟು ವರ್ಷ ಬಾಯಿ ಬಡಿದುಕೊಂಡರೂ ಕೇಳುವವರಿಲ್ಲ.

ಅರ್ಸೆಲಿ ಪೊನ್ಸೊನ ಮನೆಗೆ ಓಡಿದಳು.

"ನೋಂಗ್ ಪೊನ್ಸೊ, ನಾಳಿದ್ದು ನೀವು ಎದ್ದು ನಿಲ್ಬೇಕು. ಅವರ ಎಣಿಕೆ ಸುಳ್ಳು ಅಂತ ಎಲ್ಲರ ಮುಂದೆ ಹೇಳ್ಬೇಕು. ನೀವು ಹಿರೀರು, ನಿಮ್ಮ ಮಾತು ನಡೆಯತ್ತೆ."

ನೋಂಗ್ ಎಂದರೆ ಅಲ್ಲಿ ಅಣ್ಣ, ಇಂದೈ ಎಂದರೆ ಹುಡುಗಿ. ಪೊನ್ಸೊ ಬಲೆ ಹೆಣೆಯುತ್ತಿದ್ದವನು ತಲೆ ಎತ್ತಲಿಲ್ಲ.

"ಬೇಡ, ಇಂದೈ. ಅದನ್ನ ಕೆದಕ್ಬೇಡ ಮಗಳೇ."

"ಯಾಕೆ?"

"ಎಣಿಕೆ ಸುಳ್ಳಲ್ಲ."

ಅವಳಿಗೆ ಮೊದಲು ಅರ್ಥವಾಗಲಿಲ್ಲ. ಪೊನ್ಸೊ ತೊದಲುತ್ತ, ಅವಳ ಕಣ್ಣು ತಪ್ಪಿಸುತ್ತ ಹೇಳಿದ.

"ಎಣಿಸೋರು ಬಂದಾಗ ಕಿತ್ತಳೆ ಜಾಕೆಟ್ ಹಾಕ್ಕೊಂಡಿದ್ರು. ನಮಗೆ ದಂಡ ಹಾಕೋರದ್ದೂ ಅದೇ ಜಾಕೆಟ್. ಹಿಂದೆ ಕಂಬಿಗೆ ಜೋತುಬಿದ್ದೋರನ್ನ ಕಂಡ್ರೆ ಪರ್ಮಿಟ್ಟೇ ಕಿತ್ಕೊಳ್ತಾರೆ. ನಿಮ್ಮಪ್ಪ ಸಂಘದಲ್ಲಿ ಕೂತು ಹೇಳ್ದ, ಇವರು ಹೋಗೋವರೆಗೆ ಒಂದು ವಾರ ಯಾರೂ ತುಂಬಿಸ್ಕೊಂಡು ಓಡಿಸ್ಬೇಡಿ, ಅರ್ಧ ಗಾಡಿ ಶೆಡ್ಡಲ್ಲೇ ಇರ್ಲಿ ಅಂತ. ನಾವೆಲ್ಲ ಖಾಲಿ ಓಡಿಸಿದ್ವಿ. ಜನ ಕೈ ಅಡ್ಡ ಹಾಕಿದ್ರೂ ನಿಲ್ಲಿಸ್ಲಿಲ್ಲ. ಆಮೇಲೆ ಗೊತ್ತಾಯ್ತು, ಅವರು ಬಂದಿದ್ದು ದಂಡಕ್ಕಲ್ಲ, ಹೊಸ ಗಾಡಿ ಯಾವ ದಾರಿಗೆ ಕೊಡ್ಬೇಕು ಅಂತ ನೋಡಕ್ಕೆ. ತುಂಬಿದ್ದಿದ್ರೆ ನಮಗೇ ಸಿಕ್ತಿತ್ತು."

ಅರ್ಸೆಲಿಗೆ ಆ ವಾರ ನೆನಪಾಯಿತು. ಪೇಟೆಯ ಅಂಗಡಿಗೆ ಹೊರಟವಳನ್ನು ಅಪ್ಪ ತನ್ನ ಗಾಡಿಗೇ ಹತ್ತಿಸಿಕೊಂಡಿರಲಿಲ್ಲ. 'ಇವತ್ತು ಬೇರೆ ಹೇಗಾದ್ರೂ ಹೋಗು' ಎಂದು ಮುಂದೆ ಹೋಗಿದ್ದ. ಅವಳು ಇಡೀ ದಿನ ಮುನಿಸಿಕೊಂಡಿದ್ದಳು.

"ಅದಕ್ಕೇ ದಾರಿ ಹೋಯ್ತು ಅಂತ ಚಾಲಕರಿಗೆಲ್ಲ ಗೊತ್ತಾ?"

"ಗೊತ್ತಿದ್ದೂ ಗೊತ್ತಿಲ್ಲದ ಹಾಗಿದ್ವಿ. ಆಫೀಸಿನೋನು ಸುಳ್ಳು ಬರೆದ ಅನ್ನೋದು ಬಾಯಿಗೆ ಹಗುರ. ನಿಮ್ಮಪ್ಪನಿಗೆ ಹಾಗಿರಕ್ಕೆ ಆಗ್ಲಿಲ್ಲ. ಆ ಹುಡುಗನ ಹತ್ರ ಹೋಗಿ ಎಲ್ಲ ಹೇಳ್ಕೊಂಡ."

ಆ ಹುಡುಗ... ಅಂದರೆ ಎಲ್ಮಾರ್‌ಗೆ ಎಲ್ಲ ಗೊತ್ತು. ಸಾವಿನ ಮನೆಯ ಬಾಗಿಲಲ್ಲಿ ನಿಂತಿದ್ದಾಗಲೂ ಗೊತ್ತಿತ್ತು.

ಮರುದಿನ ಕಚೇರಿಯ ಮೆಟ್ಟಿಲ ಮೇಲೆ ಅವನನ್ನು ತಡೆದು ನಿಲ್ಲಿಸಿದಾಗ ಅವಳ ದನಿ ಎಂದಿನಂತೆ ಮೆತ್ತಗಿತ್ತು.

"ನಿಮಗೆ ಗೊತ್ತಿತ್ತು ಅಲ್ವಾ? ಅಷ್ಟು ಜನರ ಎದುರು ನಾನು ಅನ್ನಬಾರದ್ದೆಲ್ಲ ಅಂದೆ. ಯಾಕೆ ಬಾಯಿ ಬಿಡ್ಲಿಲ್ಲ?"

"ಪೆಟ್ಟಿಗೆ ಪಕ್ಕ ನಿಂತು ಹೇಳೋ ಮಾತಾ ಅದು?"

"ಆಮೇಲೆ? ಅಂಗಡೀಲಿ ಕೂತು ಸಾರು ಕುಡಿಯುವಾಗ?"

"ಅವರು ನನ್ನ ಕೈ ಹಿಡ್ಕೊಂಡು ಅತ್ರು, ಸೆಲಿ. ಮಗಳಿಗೆ ಗೊತ್ತಾಗ್ಬಾರ್ದು ಅಂದ್ರು. ಇನ್ನೊಂದು ಸಲ ಎಣಿಸೋಣ ಅಂತ ನಾನು ಮೇಲಿನೋರನ್ನ ಬೇಡ್ಕೊಂಡೆ. ಗಡುವು ಮುಗೀತು ಅಂದ್ರು. ಅಷ್ಟರಲ್ಲಿ..." ಅವನು ಮೆಟ್ಟಿಲ ಮೇಲೆ ಕುಳಿತುಬಿಟ್ಟ. "ಆ ಜಾಕೆಟ್ ತರಿಸಿದ್ದೇ ನಾನು. ಬೇರೆ ಹೊಲಿಸಕ್ಕೆ ಪುರುಸೊತ್ತಿಲ್ಲ ಅಂತ ದಂಡ ಹಾಕೋರ ಹತ್ರ ಇದ್ದದ್ದನ್ನೇ ಇಸ್ಕೊಂಡೆ. ಚಾಲಕರು ಏನಂದ್ಕೊಳ್ತಾರೆ ಅಂತ ಒಂದು ನಿಮಿಷ ಯೋಚಿಸ್ಲಿಲ್ಲ. ನಿಮ್ಮಪ್ಪನ ಹತ್ರ ಕೇಳ್ಬೇಕು ಅಂದ್ಕೊಂಡಿದ್ದ ಮಾತು ಅದೇ. ನನ್ನ ಕ್ಷಮಿಸಿದ್ರಾ ಅಂತ."

ಅವಳು ಒಂದು ಮೆಟ್ಟಿಲು ಕೆಳಗಿಳಿದು ಅವನ ಮುಖ ನೋಡಿದಳು.

"ನಾಳೆ ಏನು ಹೇಳ್ತೀರಿ?"

"ತಪ್ಪು ನನ್ನದು ಅಂತೀನಿ. ನಿಮ್ಮಪ್ಪನ ಹೆಸರು ಬರಲ್ಲ."

ಅವನನ್ನು ತಬ್ಬಿಕೊಂಡು ಅಳಬೇಕೆನಿಸಿತು ಅವಳಿಗೆ. ಕೆನ್ನೆಗೆ ಬಾರಿಸಬೇಕೆಂದೂ ಅನಿಸಿತು. ಎರಡನ್ನೂ ಮಾಡದೆ ಇಳಿದು ಹೋದಳು.

ಮರುದಿನ ನಗರಸಭೆಯ ಸಭಾಂಗಣದ ಹಿಂದಿನ ಸಾಲುಗಳಲ್ಲಿ ಬುಲುವಾಂಗ್‌ನ ಜನ ಕಿಕ್ಕಿರಿದಿದ್ದರು. ಚಾಲಕರು ವಿಸೆಂಟೆಯ ಫೋಟೋ ಅಚ್ಚು ಹಾಕಿಸಿದ ಬನಿಯನ್ ತೊಟ್ಟಿದ್ದರು. ಅರ್ಸೆಲಿಯ ಅಮ್ಮ ಮುಂದಿನ ಸಾಲಿನಲ್ಲಿ, ಕಪ್ಪು ಬಟ್ಟೆಯಲ್ಲಿ.

ಎಲ್ಮಾರ್ ಎದ್ದು ನಿಂತ. "ಬುಲುವಾಂಗ್ ದಾರಿಯ ಎಣಿಕೆ ತಪ್ಪಿದೆ. ಎಣಿಸೋರಿಗೆ ತಪ್ಪು ಜಾಕೆಟ್ ಹಾಕಿಸಿದ್ದು ನಾನು. ಜವಾಬ್ದಾರಿ ನನ್ನದು. ಮತ್ತೊಮ್ಮೆ ಎಣಿಸಬೇಕು ಅಂತ ಕೇಳ್ಕೊಳ್ತೀನಿ."

ಅಧ್ಯಕ್ಷತೆ ವಹಿಸಿದ್ದ ಹೆಂಗಸು ಕನ್ನಡಕ ತೆಗೆದಳು. "ಜಾಕೆಟ್ ಬಣ್ಣ ನೋಡಿ ಜನ ಮಾಯ ಆಗ್ತಾರೇನಪ್ಪ?"

ಸಭೆಯಲ್ಲಿ ನಗೆ ಎದ್ದಿತು. ಎಲ್ಮಾರ್‌ನ ಕಿವಿ ಕೆಂಪಾಯಿತು. ಮುಂದಿನ ಮಾತು ಹೇಳದೆ ಹೋದರೆ ಅವನ ವಾದ ನಿಲ್ಲುವುದಿಲ್ಲ. ಅವನು ಅದನ್ನು ಹೇಳುವವನೂ ಅಲ್ಲ. ನೆಲ ನೋಡುತ್ತ ನಿಂತ.

"ಬೇರೆ ಕಾರಣ ಇಲ್ಲದಿದ್ರೆ ಮುಂದಕ್ಕೆ ಹೋಗೋಣ," ಎಂದಳು ಅಧ್ಯಕ್ಷೆ.

'ಈಗ ಸುಮ್ಮನಿದ್ದರೆ ಅಪ್ಪನ ಹೆಸರು ಉಳಿಯುತ್ತದೆ. ದಾರಿ ಹೋಗುತ್ತದೆ.' ಅರ್ಸೆಲಿ ಅಮ್ಮನ ಬೆನ್ನು ನೋಡಿದಳು. ಬನಿಯನ್‌ಗಳ ಮೇಲೆ ಸಾಲಾಗಿ ಕುಳಿತ ಅಪ್ಪನ ಮುಖ ನೋಡಿದಳು. ಅವರ ನಡುವೆ ಮೊಣಕಾಲವರೆಗೆ ಕೆಸರು ಮೆತ್ತಿಕೊಂಡು ಬಂದ ಹೆಂಗಸರು ಕುಳಿತಿದ್ದರು.

ಎದ್ದು ನಿಂತಳು.

"ನಾನು ವಿಸೆಂಟೆಯ ಮಗಳು. ಜನ ಮಾಯ ಆಗ್ಲಿಲ್ಲ. ನಮ್ಮೋರೇ ಹತ್ತಿಸ್ಲಿಲ್ಲ. ದಂಡ ಬೀಳತ್ತೆ ಅಂತ ಹೆದರಿ ಒಂದು ವಾರ ಗಾಡಿಗಳನ್ನ ಖಾಲಿ ಓಡಿಸಿದ್ರು. ಹಾಗೆ ಮಾಡಿ ಅಂತ ಹೇಳಿದ್ದು ನಮ್ಮಪ್ಪ. ಅವತ್ತು ಅವರು ಹತ್ತಿಸಿಕೊಳ್ಳದೆ ಬಿಟ್ಟು ಹೋದೋರಲ್ಲಿ ನಾನೂ ಒಬ್ಬಳು."

ಎಲ್ಲ ಸಾಲುಗಳಲ್ಲೂ ತಲೆಗಳು ಅವಳತ್ತ ತಿರುಗಿದವು.

"ಸುಳ್ಳು," ಎಂದಿತು ಹಿಂದಿನಿಂದ ಒಂದು ದನಿ. "ಆಫೀಸಿನೋನ ಮೋಹಕ್ಕೆ ಬಿದ್ದು ಹೆತ್ತ ಅಪ್ಪನ್ನೇ ಮಾರ್ತಿದ್ದಾಳೆ."

"ಚಾಲಕರಲ್ಲಿ ಯಾರಾದ್ರೂ ಒಬ್ಬರು ಹೌದು ಅನ್ನಿ. ಮತ್ತೆ ಎಣಿಸೋಣ," ಎಂದಳು ಅಧ್ಯಕ್ಷೆ.

ಯಾರೂ ಅಲುಗಲಿಲ್ಲ. ಬಹಳ ಹೊತ್ತಿನ ಮೇಲೆ, ಕುಳಿತಲ್ಲಿಂದಲೇ, ತಲೆ ಎತ್ತದೆ ಪೊನ್ಸೊ ಕೈ ಎತ್ತಿದ.

ಮತ್ತೆ ಎಣಿಸಲು ಆದೇಶವಾಯಿತು. ಸಂಗತಿ ಮುಚ್ಚಿಟ್ಟ ತಪ್ಪಿಗೆ ಎಲ್ಮಾರ್‌ನ ಕೆಲಸ ಹೋಯಿತು. ಮರುಸಂಜೆ ಯಾರೋ ಅರ್ಸೆಲಿಯ ಅಂಗಡಿಯ ಬಾಗಿಲಿಗೆ ಡಾಂಬರು ಎರಚಿ ಹೋದರು.

ಅಮ್ಮ ಬೈಯಲಿಲ್ಲ. ಅನ್ನ ಬಡಿಸಿ ಮುಖ ತಿರುಗಿಸಿಕೊಂಡಳು. "ಸತ್ತ ಮೇಲಾದ್ರೂ ಅವರನ್ನ ಸುಮ್ನೆ ಬಿಡ್ಬಾರ್ದಿತ್ತಾ?"

ಆ ಒಂದು ಮಾತು ಡಾಂಬರಿಗಿಂತ ಗಟ್ಟಿಯಾಗಿ ಅಂಟಿಕೊಂಡಿತು. ಅಂದಿನಿಂದ ಅಮ್ಮ ಮಗಳ ನಡುವೆ ಬೇಕಾದಷ್ಟೇ ಮಾತು. ಹಲಗೆ ಬರೆಸಲು ಊರಿನವರು ಯಾರೂ ಬರಲಿಲ್ಲ. ಎಲ್ಮಾರ್ ಕೂಡ ಕಾಣಲಿಲ್ಲ. ತಾನು ಹೋದರೆ ಊರಿನ ಆಡಿಕೆಗೆ ಸಾಕ್ಷಿ ಸಿಕ್ಕಂತಾಗುತ್ತದೆ ಎಂದು ಅವನು ದೂರವಿದ್ದ. ತನ್ನ ಕೆಲಸ ಕಳೆದವಳ ಮುಖ ಅವನು ಇನ್ನು ನೋಡುವುದಿಲ್ಲ ಎಂದು ಅವಳು ಅಂದುಕೊಂಡಳು. ಇಬ್ಬರೂ ಮಹಾ ಬುದ್ಧಿವಂತರು.

ಮತ್ತೆ ಎಣಿಸಿದರು. ಈ ಸಲ ಯಾರೂ ಜಾಕೆಟ್ ತೊಟ್ಟಿರಲಿಲ್ಲ. ಬುಲುವಾಂಗ್ ದಾರಿ ನಕ್ಷೆಗೆ ಮರಳಿತು. ವಿದ್ಯುತ್ ಗಾಡಿ ಬರುವವರೆಗೆ ಉಳಿದ ಜೀಪ್ನಿಗಳೇ ಓಡಲಿ ಎಂದಾಯಿತು.

ಜೀಪ್ನಿಗಳು ಮತ್ತೆ ಹೊರಟ ಬೆಳಗ್ಗೆ ಅರ್ಸೆಲಿ ಊರ ಹೊರಗಿನ ತಿರುವಿನಲ್ಲಿ ನಿಂತಿದ್ದಳು. ಮೊದಲ ಗಾಡಿ ಬಂತು. ಕೈ ಅಡ್ಡ ಹಾಕಿದಳು. ಚಾಲಕ ಅವಳನ್ನು ನೋಡಿದ. ಗಾಡಿ ನಿಲ್ಲಲಿಲ್ಲ. ಎರಡನೆಯದೂ ನಿಲ್ಲಲಿಲ್ಲ. ಆಮೇಲೆ ಬಂದದ್ದು ಪೊನ್ಸೊನದು. ತಿರುವಿನಲ್ಲಿ ವೇಗ ಇಳಿಯಿತು... ಒಳಗಿನಿಂದ ಯಾರೋ ಏನೋ ಅಂದರು. ಪೊನ್ಸೊ ಮುಂದೆ ನೋಡುತ್ತ, ಕಣ್ಣೊರೆಸಿಕೊಳ್ಳುತ್ತ ಹೊರಟುಹೋದ.

ಧೂಳು ಇಳಿದಾಗ ರಸ್ತೆಯ ಆಚೆ ಬದಿಯಲ್ಲಿ ಎಲ್ಮಾರ್ ನಿಂತಿದ್ದ. ಗಡ್ಡ ಬೆಳೆದಿತ್ತು. ಕೈಯಲ್ಲಿ ಏನೂ ಇರಲಿಲ್ಲ.

"ನೀವು ಇಲ್ಲಿ?"

"ಗಾಡಿ ಓಡತ್ತಾ ಅಂತ ನೋಡಕ್ಕೆ ಬಂದೆ."

"ತುಂಬಿತ್ತಾ? ನನಗೆ ಸರಿಯಾಗಿ ಕಾಣ್ಲಿಲ್ಲ." ಅವಳ ಕಣ್ಣು ತುಂಬಿತ್ತು, ಕಾಣುವುದಾದರೂ ಹೇಗೆ?

"ತುಂಬಿತ್ತು, ಸೆಲಿ. ಹಿಂದೆ ಕಂಬಿ ಹಿಡ್ಕೊಂಡು ಜೋತುಬಿದ್ದಿದ್ರು. ಬುಟ್ಟಿಗಳು ಗಾಡಿ ಟಾಪ್ ಮೇಲೆ."

ಅವಳು ನಗಲು ಹೋದಳು. ನಗು ಅರ್ಧಕ್ಕೆ ಅಳುವಾಯಿತು. ಅವನು ರಸ್ತೆ ದಾಟಿ ಬಂದ. ಬಂದವನಿಗೆ ಏನು ಮಾಡಬೇಕೆಂದು ತಿಳಿಯಲಿಲ್ಲ. ಅವಳ ತಲೆಯ ಮೇಲಿನ ಧೂಳನ್ನು ಬೆರಳಿನಿಂದ ಮೆಲ್ಲಗೆ ಒರೆಸಿದ.

"ನನಗೆ ನಿಲ್ಲಿಸಲ್ಲ ಅವರು. ಇವತ್ತಲ್ಲ, ಯಾವತ್ತೂ ನಿಲ್ಲಿಸಲ್ಲ," ಎಂದಳು ಅವಳು.

"ನನಗೂ ನಿಲ್ಲಿಸಲ್ಲ. ಬೈಕ್ ಕಚೇರಿದು, ವಾಪಸ್ ತಗೊಂಡ್ರು."

"ನನ್ನಿಂದ ನಿಮ್ಮ ಕೆಲಸ ಹೋಯ್ತು."

"ನಿನ್ನಿಂದ ಅಲ್ಲ. ಆ ಸಭೇಲಿ ನಾನು ಹೇಳಕ್ಕಾಗದ್ದನ್ನ ನೀನು ಹೇಳಿದೆ. ಅವತ್ತೇ ಬಂದು ನಿನ್ನ ಕೈ ಹಿಡ್ಕೋಬೇಕಿತ್ತು. ಊರು ನಿನ್ನ ಇನ್ನಷ್ಟು ಆಡ್ಕೊಳ್ಳತ್ತೆ ಅಂತ ಹಿಂಜರಿದೆ."

"ಆಡ್ಕೊಳ್ಳಕ್ಕೆ ಇನ್ನೇನು ಉಳಿದಿದೆ?"

"ಒಂದು ಉಳಿದಿದೆ," ಎಂದ ಎಲ್ಮಾರ್. "ನಾನು ನಿನ್ನ ಪ್ರೀತಿಸ್ತೀನಿ. ಅದನ್ನ ಯಾರೂ ಇನ್ನೂ ಸರಿಯಾಗಿ ಆಡ್ಕೊಂಡಿಲ್ಲ."

ದೂರದಲ್ಲಿ ಇನ್ನೊಂದು ಜೀಪ್ನಿಯ ಸದ್ದು ಕೇಳಿಸಿತು. ಅದು ಬಂತು, ತುಂಬಿಕೊಂಡೇ ಬಂತು, ಇಬ್ಬರನ್ನೂ ದಾಟಿ ಹೋಯಿತು. ಈ ಸಲ ಅವಳು ಕೈ ಅಡ್ಡ ಹಾಕಲಿಲ್ಲ. ಆ ಕೈ ಅವನ ಕೈಯಲ್ಲಿತ್ತು.

"ಪ್ಲಾಸಾಗೆ ಎಷ್ಟು ದೂರ ಗೊತ್ತಾ ನಿನಗೆ?" ಎಂದು ಕೇಳಿದಳು.

"ಗೊತ್ತು. ಈ ದಾರೀನ ಅಳೆದವನೇ ನಾನು."

"ದಿನಾ ನಡೀಬೇಕು."

"ದಿನಾ ನಡೆಯೋಣ."

"ಹಾಗಿದ್ರೆ ಈ ಕಡೆ ಬಾ, ಧೂಳು ಕಮ್ಮಿ," ಎಂದು ಅವಳು ಅವನನ್ನು ರಸ್ತೆಯಂಚಿಗೆ ಎಳೆದುಕೊಂಡಳು.